ವಿಧಿಪತ್ರವೂ ಅನುಷ್ಠಾನವೂ

ಆಡಿದ ಮಾತಿಗೂ ಮಾಡಿದ ಕಾರ್ಯಕ್ಕೂ ನಡುವೆ ಅಂತರ ಬೀಳುವುದು ಬಹುಮಟ್ಟಿಗೆ ದುರುದ್ದೇಶದಿಂದಲ್ಲ. ಸಂಸ್ಥೆಯೊಂದರ ನಿಯಮಾವಳಿಯನ್ನು ಹಿರಿಯರು ಕುಳಿತು, ಚರ್ಚಿಸಿ, ಒಂದೊಂದು ಪದವನ್ನೂ ತೂಗಿ ಬರೆದಿರುತ್ತಾರೆ. ಮೊದಲ ವರ್ಷ ಎಲ್ಲವೂ ಅದರಂತೆಯೇ ನಡೆಯುತ್ತದೆ. ಆಮೇಲೆ ಒಂದು ತುರ್ತು ಸಂದರ್ಭ ಒದಗುತ್ತದೆ. ಒಂದು ಸಣ್ಣ ಅನುಕೂಲವನ್ನು ಮಾಡಿಕೊಳ್ಳಲಾಗುತ್ತದೆ. ಅದೇ ಮುಂದೆ ರೂಢಿಯಾಗುತ್ತದೆ. ಹತ್ತು ವರ್ಷಗಳ ನಂತರ ಕಪಾಟಿನಿಂದ ನಿಯಮಾವಳಿಯನ್ನು ತೆಗೆದು ಓದಿದರೆ ಅದು ಬೇರಾವುದೋ ಸಂಸ್ಥೆಯದೆಂಬಂತೆ ತೋರುತ್ತದೆ. ಯಾರೂ ಸುಳ್ಳಾಡಿಲ್ಲ, ಆದರೂ ಬರಹ ಸುಳ್ಳಾಗಿದೆ.

ಈ ಹಳೆಯ ಸಮಸ್ಯೆಯನ್ನು ಇತ್ತೀಚಿನ ದಶಕಗಳಲ್ಲಿ ಅತ್ಯಂತ ನಿಷ್ಠುರವಾಗಿ ಎದುರಿಸಬೇಕಾಗಿ ಬಂದವರು ಧರ್ಮಶಾಸ್ತ್ರಜ್ಞರೂ ಅಲ್ಲ, ನ್ಯಾಯಶಾಸ್ತ್ರಜ್ಞರೂ ಅಲ್ಲ. ಡೇಟಾಬೇಸ್ ಕಟ್ಟುವ ಎಂಜಿನಿಯರುಗಳು. ಡೇಟಾಬೇಸ್ ಎಂದರೆ ಲೆಕ್ಕಪತ್ರಗಳನ್ನೂ ದಾಖಲೆಗಳನ್ನೂ ಕಂಪ್ಯೂಟರಿನಲ್ಲಿ ಜೋಪಾನವಾಗಿಡುವ ವ್ಯವಸ್ಥೆ. ಅದು ಹೇಗೆ ನಡೆದುಕೊಳ್ಳಬೇಕೆಂಬ ಬರಹಕ್ಕೆ ಅವರು ಸ್ಪೆಸಿಫಿಕೇಷನ್ ಎನ್ನುತ್ತಾರೆ. ಇಲ್ಲಿ ಅದನ್ನು ವಿಧಿಪತ್ರವೆಂದು ಕರೆಯಬಹುದು. ಆ ವಿಧಿಗೆ ಅನುಸಾರವಾಗಿ ಬರೆದು ಯಂತ್ರದಲ್ಲಿ ಓಡಿಸುವ ಪ್ರೋಗ್ರಾಮೇ ಅನುಷ್ಠಾನ. ಇವೆರಡೂ ಒಂದೇ ಆಗಿವೆಯೆಂದು ಹೇಗೆ ನಂಬುವುದು? ವ್ಯಾಪಾರಿಗಳು, ಟ್ರಸ್ಟುಗಳ ಪದಾಧಿಕಾರಿಗಳು, ಗೃಹಸ್ಥರು ಯಾರೇ ಆಗಲಿ, ಈ ಪ್ರಶ್ನೆಯನ್ನು ಅವರು ಬಗೆಹರಿಸಲು ಯತ್ನಿಸಿದ ರೀತಿಯಿಂದ ಕಲಿಯಬೇಕಾದುದು ಬಹಳವಿದೆ.

ಮೂರು ಕೀರ್ದಿಗಳ ದೃಷ್ಟಾಂತ

ಒಬ್ಬ ವರ್ತಕನಿಗೆ ಮೂರು ಊರುಗಳಲ್ಲಿ ಮೂರು ಅಂಗಡಿಗಳಿವೆಯೆಂದು ಭಾವಿಸೋಣ. ಒಂದು ಅಂಗಡಿಗೆ ಬೆಂಕಿ ಬಿದ್ದರೂ ಲೆಕ್ಕ ಉಳಿಯಬೇಕೆಂಬ ಕಾರಣಕ್ಕೆ ಮೂರರಲ್ಲೂ ಒಂದೇ ಕೀರ್ದಿಯ ಮೂರು ಪ್ರತಿಗಳನ್ನು ಇಡಲಾಗಿದೆ. ಹೊಸ ಜಮೆ-ಖರ್ಚನ್ನು ಮೊದಲು ಬರೆಯುವ ಅಧಿಕಾರ ಒಬ್ಬ ಮುಖ್ಯ ಗುಮಾಸ್ತನದು. ಉಳಿದಿಬ್ಬರು ಅವನ ಕೀರ್ದಿಯನ್ನು ನೋಡಿ ತಮ್ಮ ಕೀರ್ದಿಗಳಲ್ಲಿ ನಕಲು ಮಾಡಿಕೊಳ್ಳುತ್ತಾರೆ. ಮೂವರಲ್ಲಿ ಇಬ್ಬರ ಕೀರ್ದಿಯಲ್ಲಿ ಒಂದು ಸಾಲು ಬಂದಿತೆಂದರೆ ಆ ಸಾಲು ಪಕ್ಕಾ ಆಯಿತು; ಆಗ ಮಾತ್ರ ಗಿರಾಕಿಗೆ ರಸೀದಿ ಕೊಡಬಹುದು. ಮುಖ್ಯ ಗುಮಾಸ್ತ ಕಾಯಿಲೆ ಬಿದ್ದರೆ ಉಳಿದಿಬ್ಬರೂ ಸೇರಿ ಹೊಸ ಮುಖ್ಯನನ್ನು ಆರಿಸಿಕೊಳ್ಳುತ್ತಾರೆ. ಪಕ್ಕಾ ಆದ ಸಾಲು ಯಾವುದೇ ಇಬ್ಬರಲ್ಲಿ ಒಬ್ಬನ ಬಳಿಯಾದರೂ ಇದ್ದೇ ಇರುತ್ತದೆ. ಆದುದರಿಂದ, ತನಗಿಂತ ಹಿಂದುಳಿದ ಕೀರ್ದಿಯವನಿಗೆ ಯಾರೂ ಮತ ಕೊಡಬಾರದೆಂಬ ಒಂದು ಕಟ್ಟಳೆಯನ್ನು ಪಾಲಿಸಿದರೆ ಆ ಸಾಲು ಕಳೆದುಹೋಗುವುದಿಲ್ಲ.

ಕೇಳಲು ಇದು ಸರಳ. ಆದರೆ ಮುಖ್ಯನಿಗೆ ಕಾಯಿಲೆಯೇನೂ ಇಲ್ಲದೆ, ಅವನ ಅಂಗಡಿಯ ದೂರವಾಣಿ ಮಾತ್ರ ಕೆಟ್ಟಿದ್ದರೆ? ಅತ್ತ ಇಬ್ಬರು ಹೊಸಬನನ್ನು ಆರಿಸಿಕೊಂಡಿದ್ದಾರೆ; ಇತ್ತ ಹಳಬ ತಾನೇ ಮುಖ್ಯನೆಂದು ತಿಳಿದು ಬರೆಯುತ್ತಲೇ ಇದ್ದಾನೆ. ಎಲ್ಲಿಯವರೆಗಿನ ಸಾಲುಗಳು ಪಕ್ಕಾ ಆದವೆಂಬ ವಾರ್ತೆಯೂ ಒಬ್ಬರಿಂದೊಬ್ಬರಿಗೆ ತಲುಪಬೇಕು; ಆ ವಾರ್ತೆಯೇ ತಡವಾಗಿ ಬಂದರೆ, ಅಥವಾ ಹಿಂದುಮುಂದಾಗಿ ಬಂದರೆ? ಇಂಥ ಎಲ್ಲ ಸಂದರ್ಭಗಳಲ್ಲಿಯೂ ನಡೆದುಕೊಳ್ಳಬೇಕಾದ ಕ್ರಮಕ್ಕೆ ಪ್ರೋಟೋಕಾಲ್ ಎಂದು ಹೆಸರು. ಅದರಲ್ಲಿ ಒಂದು ಹೆಜ್ಜೆ ತಪ್ಪಿದರೆ ರಸೀದಿ ಪಡೆದ ಗಿರಾಕಿಯ ಹಣ ಲೆಕ್ಕದಿಂದಲೇ ಮಾಯವಾಗಬಹುದು. ಕದ್ದವರು ಯಾರೂ ಇಲ್ಲ. ಕೊಟ್ಟ ಮಾತು ಮಾತ್ರ ಉಳಿಯಲಿಲ್ಲ.

ಒಂದು ಪುಟದ ನಿಯಮ, ಸಾವಿರಾರು ಸಾಲಿನ ಆಚರಣೆ

ಇಂತಹ ಒಮ್ಮತದ ಕ್ರಮಗಳಲ್ಲಿ ಪ್ರಸಿದ್ಧವಾದ ಪ್ಯಾಕ್ಸೋಸ್ ಎಂಬುದನ್ನು ರೂಪಿಸಿದವರು ಅಮೆರಿಕದ ಗಣಕವಿಜ್ಞಾನಿ ಲೆಸ್ಲಿ ಲ್ಯಾಂಪೋರ್ಟ್. 1990ರಲ್ಲಿ ಪ್ರಕಟಣೆಗೆ ಕಳುಹಿಸಿದ ಅವರ ಪ್ರಬಂಧ ಅಚ್ಚಾದದ್ದು 1998ರಲ್ಲಿ. ಕ್ರಮವೇನೋ ಸಪ್ರಮಾಣವಾಗಿತ್ತು. ಆದರೆ ಅದನ್ನು ಆಧರಿಸಿ ನಿಜವಾದ ವ್ಯವಸ್ಥೆಯೊಂದನ್ನು ಕಟ್ಟಿದ ಗೂಗಲ್ ಸಂಸ್ಥೆಯ ಮೂವರು ಎಂಜಿನಿಯರುಗಳು 2007ರಲ್ಲಿ ತಮ್ಮ ಅನುಭವವನ್ನು ಬರೆದಾಗ ಒಂದು ಸತ್ಯವನ್ನು ಮುಚ್ಚಿಡದೆ ಹೇಳಿದರು. ಕಾಗದದ ಮೇಲೆ ಒಂದು ಪುಟದಲ್ಲಿ ಮುಗಿಯುವ ಕ್ರಮವು ಅನುಷ್ಠಾನದಲ್ಲಿ ಹಲವು ಸಾವಿರ ಸಾಲುಗಳ ಪ್ರೋಗ್ರಾಮಾಗಿ ಬೆಳೆಯಿತು. ಶಾಸ್ತ್ರದಲ್ಲಿ ಹೇಳದೆ ಬಿಟ್ಟ ನೂರಾರು ಲೋಕವ್ಯವಹಾರದ ಸಂಗತಿಗಳಿಗೆ ತಾವೇ ದಾರಿ ಹುಡುಕಬೇಕಾಯಿತು. ಹಾಗೆ ಹುಡುಕುತ್ತಾ ಹೋದಂತೆ, ಕೊನೆಗೆ ಕೈಯಲ್ಲಿ ಉಳಿದದ್ದು ಪ್ರಮಾಣೀಕೃತವಾದ ಮೂಲ ಕ್ರಮವಲ್ಲ, ಪ್ರಮಾಣವಿಲ್ಲದ ಬೇರೊಂದು ಕ್ರಮ. ಮೂಲದ ಕೀರ್ತಿಯನ್ನು ಅನುಷ್ಠಾನವು ತನ್ನದೆಂದು ಹೇಳಿಕೊಳ್ಳುವಂತಿರಲಿಲ್ಲ.

ಸಾಮಾನ್ಯ ಭಾಷೆಯಲ್ಲಿ ಬರೆದ ನಿಯಮ ಹಲವು ಅರ್ಥಗಳಿಗೆ ಎಡೆಗೊಡುತ್ತದೆ. ಈ ದೋಷವನ್ನು ನೀಗಲೆಂದೇ ಲ್ಯಾಂಪೋರ್ಟ್ ಅವರು ಟಿಎಲ್‌ಎ ಪ್ಲಸ್ ಎಂಬ ವಿಧಿಭಾಷೆಯನ್ನು ರಚಿಸಿದರು. ಗಣಸಿದ್ಧಾಂತ ಮತ್ತು ತರ್ಕಶಾಸ್ತ್ರಗಳೇ ಅದರ ವ್ಯಾಕರಣ. ವ್ಯವಸ್ಥೆ ಯಾವ ಯಾವ ಸ್ಥಿತಿಗಳಲ್ಲಿ ಇರಬಹುದು, ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಯಾವ ಹೆಜ್ಜೆಯಿಂದ ಹೋಗಬಹುದು, ಯಾವುದು ಎಂದೆಂದಿಗೂ ನಡೆಯಕೂಡದು, ಇವನ್ನು ಅದರಲ್ಲಿ ನಿಸ್ಸಂದಿಗ್ಧವಾಗಿ ಬರೆಯಬಹುದು. ಟಿಎಲ್‌ಸಿ ಎಂಬ ಪರೀಕ್ಷಕ ಪ್ರೋಗ್ರಾಂ ಅಂಥ ವಿಧಿಪತ್ರವನ್ನು ಓದಿ, ಮೂರು ಗುಮಾಸ್ತರು ನಾಲ್ಕು ಸಾಲುಗಳು ಎಂಬಂಥ ಸಣ್ಣ ಪ್ರಮಾಣದಲ್ಲಿ, ಸಾಧ್ಯವಿರುವ ಪ್ರತಿಯೊಂದು ಸ್ಥಿತಿಯನ್ನೂ ಹೊಕ್ಕು ನೋಡುತ್ತದೆ. ಎಲ್ಲಿಯಾದರೂ ನಿಯಮಭಂಗವಾದರೆ ಅಲ್ಲಿಗೆ ತಲುಪಿದ ಹೆಜ್ಜೆಗಳನ್ನು ಒಂದೊಂದಾಗಿ ತೋರಿಸುತ್ತದೆ. ಲ್ಯಾಂಪೋರ್ಟ್ ಅವರಿಗೆ ಗಣಕವಿಜ್ಞಾನದ ಅತ್ಯುನ್ನತ ಮನ್ನಣೆಯಾದ 2013ನೆಯ ಸಾಲಿನ ಟ್ಯೂರಿಂಗ್ ಪ್ರಶಸ್ತಿ ಸಂದಿತು.

ಇದರ ಪ್ರಯೋಜನ ಅಲ್ಪವಲ್ಲ. ಅಮೆಜಾನ್ ಸಂಸ್ಥೆಯ ಎಂಜಿನಿಯರುಗಳು 2015ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಡೈನಮೋ ಡಿಬಿ ಎಂಬ ತಮ್ಮ ಡೇಟಾಬೇಸಿನ ವಿನ್ಯಾಸದಲ್ಲಿ ಅಡಗಿದ್ದ ಒಂದು ದೋಷದ ವೃತ್ತಾಂತವಿದೆ. ಆ ದೋಷ ಪ್ರಕಟವಾಗಲು ಕಡಿಮೆಯೆಂದರೂ 35 ಹೆಜ್ಜೆಗಳು ಒಂದು ನಿರ್ದಿಷ್ಟ ಅನುಕ್ರಮದಲ್ಲಿ ನಡೆಯಬೇಕಿತ್ತು. ಅನುಭವಿಗಳ ವಿಮರ್ಶೆಗೂ ಪರೀಕ್ಷೆಗಳಿಗೂ ಸಿಗದ ಅದು ವಿಧಿಪತ್ರದ ಪರಿಶೀಲನೆಯಲ್ಲಿ ಸಿಕ್ಕಿತು. ಆದರೆ ಅದೇ ಲೇಖಕರು ಮತ್ತೊಂದು ಪ್ರಶ್ನೆಯನ್ನು ತಾವೇ ಎತ್ತಿಕೊಂಡರು: ವಿನ್ಯಾಸ ಸರಿಯಿದೆ, ಆದರೆ ಓಡುತ್ತಿರುವ ಪ್ರೋಗ್ರಾಂ ಆ ವಿನ್ಯಾಸದಂತೆಯೇ ಇದೆಯೆಂದು ತಿಳಿಯುವುದು ಹೇಗೆ? ತಮಗೆ ತಿಳಿಯದು ಎಂಬುದೇ ಅವರು ಕೊಟ್ಟ ಉತ್ತರ. ಇಷ್ಟು ದೊಡ್ಡ ಸಂಸ್ಥೆಯ ಪ್ರಾಜ್ಞರು ಇಷ್ಟು ಸರಳವಾಗಿ ಒಪ್ಪಿಕೊಂಡದ್ದು ಗೌರವಕ್ಕೆ ಪಾತ್ರವಾದ ಮಾತು. ಮುಂದಿನ ಪ್ರಯತ್ನಗಳೆಲ್ಲ ಈ ತಿಳಿಯದೆಂಬ ಜಾಗವನ್ನು ತುಂಬಲು ನಡೆದವು.

ನ್ಯೂಯಾರ್ಕಿನ ಎರಡು ಪ್ರಯೋಗಗಳು

ಮೊಂಗೋ ಡಿಬಿ ಎಂಬುದು 2007ರಲ್ಲಿ ನ್ಯೂಯಾರ್ಕಿನಲ್ಲಿ ಬೇರೆ ಹೆಸರಿನಿಂದ ಆರಂಭವಾದ ಸಂಸ್ಥೆ. ಅದರ ಡೇಟಾಬೇಸಿಗೂ ಅದೇ ಹೆಸರು. ಮೇಲಿನ ದೃಷ್ಟಾಂತದಲ್ಲಿ ಹೇಳಿದಂತೆ ಅದು ದತ್ತಾಂಶದ ಪ್ರತಿಗಳನ್ನು ಹಲವು ಯಂತ್ರಗಳಲ್ಲಿ ಇಡುತ್ತದೆ. 2014ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡಿಯೇಗೋ ಒಂಗಾರೋ ಮತ್ತು ಜಾನ್ ಔಸ್ಟರ್‌ಹೌಟ್ ಪ್ರಕಟಿಸಿದ ರಾಫ್ಟ್ ಎಂಬ ಕ್ರಮ ಅದಕ್ಕೆ ಆಧಾರ. ಒಂದು ವ್ಯತ್ಯಾಸವುಂಟು: ರಾಫ್ಟಿನಲ್ಲಿ ಮುಖ್ಯನು ಅನುಯಾಯಿಗಳಿಗೆ ಸಾಲುಗಳನ್ನು ಕಳುಹಿಸುತ್ತಾನೆ, ಮೊಂಗೋದಲ್ಲಿ ಅನುಯಾಯಿಗಳೇ ಬಂದು ನಕಲು ಮಾಡಿಕೊಂಡು ಹೋಗುತ್ತಾರೆ. ಈ ಒಂದು ವ್ಯತ್ಯಾಸದಿಂದಲೇ ಮೂಲ ಗ್ರಂಥದ ಪ್ರಮಾಣವನ್ನು ನೇರವಾಗಿ ನಂಬಿ ಕೂರುವಂತಿರಲಿಲ್ಲ. ತಮ್ಮದೇ ವಿಧಿಪತ್ರ ಬೇಕಾಯಿತು.

ಜೆಸ್ಸಿ ಡೇವಿಸ್, ಮ್ಯಾಕ್ಸ್ ಹಿರ್ಷ್‌ಹಾರ್ನ್ ಮತ್ತು ಜೂಡಾ ಶ್ವಿಮರ್ ಎಂಬ ಮೂವರು ಎಂಜಿನಿಯರುಗಳು ವಿಧಿಪತ್ರವೂ ಅನುಷ್ಠಾನವೂ ಹೊಂದಿಕೊಂಡಿವೆಯೇ ಎಂದು ಎರಡು ಬಗೆಯಲ್ಲಿ ಪರೀಕ್ಷಿಸಿ, ಅದರ ಫಲವನ್ನು 2020ರಲ್ಲಿ ಪ್ರಕಟಿಸಿದರು. ಒಂದು ಪ್ರಯೋಗ ಸೋತಿತು, ಒಂದು ಗೆದ್ದಿತು. ಎರಡನ್ನೂ ಒಂದೇ ಪ್ರಬಂಧದಲ್ಲಿ, ಒಂದೇ ನಿರ್ಲಿಪ್ತಿಯಿಂದ ಬರೆದಿದ್ದಾರೆ.

ಮೊದಲನೆಯದು ನಡತೆಯನ್ನು ನೋಡಿ ನಿಯಮಕ್ಕೆ ಹೋಲಿಸುವ ಮಾರ್ಗ. ಓಡುತ್ತಿರುವ ಯಂತ್ರಗಳು ತಮ್ಮ ಪ್ರತಿಯೊಂದು ಮುಖ್ಯ ಹೆಜ್ಜೆಯನ್ನೂ ಒಂದು ದಿನಚರಿಯಲ್ಲಿ ಬರೆಯಬೇಕು. ಎಲ್ಲ ಯಂತ್ರಗಳ ದಿನಚರಿಗಳನ್ನು ಕಾಲಾನುಕ್ರಮದಲ್ಲಿ ಸೇರಿಸಬೇಕು. ಹೀಗೆ ಸಿಕ್ಕ ನಡತೆಯ ಸರಣಿಯನ್ನು ವಿಧಿಪತ್ರ ಒಪ್ಪುತ್ತದೆಯೇ ಎಂದು ಪರೀಕ್ಷಕ ಪ್ರೋಗ್ರಾಮಿನಿಂದ ನೋಡಬೇಕು. ಪಕ್ಕಾ ಆದ ಸಾಲಿನ ವಾರ್ತೆ ಯಂತ್ರದಿಂದ ಯಂತ್ರಕ್ಕೆ ಹೇಗೆ ಹರಡುತ್ತದೆಂಬುದನ್ನು ವಿವರಿಸುವ ವಿಧಿಪತ್ರವೊಂದು ಆಗಲೇ ಸಿದ್ಧವಿತ್ತು. ಅದನ್ನೇ ಆರಿಸಿಕೊಳ್ಳಲಾಯಿತು.

ತೊಡಕು ಮೊದಲ ಹೆಜ್ಜೆಯಲ್ಲೇ ಕಾಣಿಸಿಕೊಂಡಿತು. ವ್ಯಾಪಾರ ನಡೆಯುತ್ತಿರುವಾಗಲೇ ದಾಸ್ತಾನು ಎಣಿಸಲು ಹೊರಟವನ ಕಷ್ಟ ಎಂತಹುದೆಂಬುದನ್ನು ಅಂಗಡಿ ನಡೆಸಿದವರೆಲ್ಲ ಬಲ್ಲರು. ಒಂದು ಉಗ್ರಾಣವನ್ನು ಎಣಿಸಿ ಇನ್ನೊಂದಕ್ಕೆ ಬರುವಷ್ಟರಲ್ಲಿ ಮೊದಲನೆಯದರಿಂದ ನಾಲ್ಕು ಮೂಟೆ ಹೊರಟುಹೋಗಿರುತ್ತವೆ. ಡೇಟಾಬೇಸಿನ ಒಂದೇ ಪ್ರೋಗ್ರಾಮಿನೊಳಗೆ ಹಲವು ಕೆಲಸಗಳು ಏಕಕಾಲದಲ್ಲಿ ನಡೆಯುತ್ತಿರುತ್ತವೆ. ಒಂದೊಂದು ಮಾಹಿತಿಗೂ ಒಂದೊಂದು ಬೀಗವಿರುತ್ತದೆ. ಯಾವುದೋ ಒಂದು ಕ್ಷಣದಲ್ಲಿ ಎಲ್ಲ ಮಾಹಿತಿಯ ಒಟ್ಟು ಚಿತ್ರವನ್ನು ಹಿಡಿಯಬೇಕಾದರೆ ಎಲ್ಲ ಬೀಗಗಳನ್ನೂ ಒಟ್ಟಿಗೆ ಹಾಕಬೇಕು. ಹಾಗೆ ಹಾಕಲು ಹೋದರೆ ವ್ಯವಹಾರವೇ ಸಿಕ್ಕಿಕೊಳ್ಳುವ ಭಯವಿದೆ.

ಎರಡನೆಯ ತೊಡಕು ಇನ್ನೂ ಸೂಕ್ಷ್ಮವಾದುದು. ಹೊಸ ಮುಖ್ಯ ಆಯ್ಕೆಯಾದ ಕ್ಷಣವೇ ಹಳೆಯ ಮುಖ್ಯ ಕೆಳಗಿಳಿಯುತ್ತಾನೆಂದು ವಿಧಿಪತ್ರ ಭಾವಿಸಿತ್ತು. ಅದರಲ್ಲಿ ಇಬ್ಬರು ಮುಖ್ಯರು ಏಕಕಾಲದಲ್ಲಿ ಇರುವುದೇ ಇಲ್ಲ. ವಾಸ್ತವದಲ್ಲಿ ಹಳಬನಿಗೆ ವಾರ್ತೆ ತಲುಪಲು ಕೊಂಚ ಹೊತ್ತು ಹಿಡಿಯುತ್ತದೆ. ಅಷ್ಟರವರೆಗೆ ಇಬ್ಬರೂ ತಾವೇ ಮುಖ್ಯರೆಂದು ತಿಳಿದಿರುತ್ತಾರೆ. ಇದರಿಂದ ಹಾನಿಯಿಲ್ಲ, ಏಕೆಂದರೆ ಹಳಬನಿಗೆ ಬಹುಮತ ಸಿಗದೆ ಅವನ ಹೊಸ ಸಾಲುಗಳು ಪಕ್ಕಾ ಆಗುವುದಿಲ್ಲ. ವಿಧಿಪತ್ರ ಬರೆದವರು ವಿಷಯವನ್ನು ಸುಲಭಗೊಳಿಸಲೆಂದು ಅದನ್ನು ಬಿಟ್ಟಿದ್ದರು, ಬಿಟ್ಟದ್ದು ತಪ್ಪೂ ಆಗಿರಲಿಲ್ಲ. ಆದರೆ ಪರೀಕ್ಷಕ ಪ್ರೋಗ್ರಾಮಿಗೆ ಅವರ ಮನಸ್ಸಿನ ಆಶಯ ತಿಳಿಯದು. ನಡತೆಯನ್ನು ನೋಡಿದ ಕೂಡಲೇ ಅದು ನಿಯಮಭಂಗವೆಂದು ಕೂಗಿತು. ಅಂತೆಯೇ, ಹೊಸದಾಗಿ ಸೇರಿದ ಯಂತ್ರವು ಹಳೆಯ ಕೀರ್ದಿಯನ್ನೆಲ್ಲ ಮೊದಲಿನಿಂದ ನಕಲು ಮಾಡುವುದಿಲ್ಲ. ಇತ್ತೀಚಿನ ಭಾಗವನ್ನಷ್ಟೇ ಪಡೆಯುತ್ತದೆ. ವಿಧಿಪತ್ರದಲ್ಲಿ ಈ ಮಾತೂ ಇರಲಿಲ್ಲ.

ಒಂದೊಂದು ಅಸಂಗತಿ ಎದುರಾದಾಗಲೂ ಅವರು ನಿಂತು ವಿಚಾರಿಸಬೇಕಾಯಿತು: ಇದು ನಿಜವಾದ ದೋಷವೋ, ಬರಹದ ಸಂಕ್ಷೇಪವೋ? ಕೆಲವೆಡೆ ಪರೀಕ್ಷೆಗಳನ್ನೇ ಬದಲಿಸಿ ಇಬ್ಬರು ಮುಖ್ಯರಾಗುವ ಪ್ರಸಂಗ ಬಾರದಂತೆ ನೋಡಿಕೊಂಡರು. ಕೆಲವೆಡೆ ದಿನಚರಿಯ ಬಿಟ್ಟ ಜಾಗವನ್ನು ಆಮೇಲೆ ತುಂಬಿದರು. ಸುಮಾರು ಹತ್ತು ವಾರಗಳ ದುಡಿಮೆಯ ನಂತರ ಈ ಮಾರ್ಗವನ್ನು ಕೈಬಿಡುವುದೇ ವಿವೇಕವೆಂದು ನಿರ್ಣಯಿಸಿದರು. ಇನ್ನೊಂದು ವಿಧಿಪತ್ರವನ್ನು ಹೀಗೆಯೇ ಪರೀಕ್ಷಿಸಬೇಕೆಂದರೆ ಬಹುತೇಕ ಅಷ್ಟೇ ಶ್ರಮವನ್ನು ಮತ್ತೆ ಪಡಬೇಕಿತ್ತು. ಮೊದಲ ಶ್ರಮ ಎರಡನೆಯದಕ್ಕೆ ಒದಗುವಂತಿರಲಿಲ್ಲ.

ಸೋಲಿಗೆ ಕಾರಣ ಯಾರ ಅಸಾಮರ್ಥ್ಯವೂ ಅಲ್ಲ. ಆ ವಿಧಿಪತ್ರ ಒಂದು ನಿರ್ದಿಷ್ಟ ಸಂದೇಹವನ್ನು ಬಗೆಹರಿಸಲು ಬರೆದದ್ದು. ಅನುಷ್ಠಾನದ ಹೆಜ್ಜೆ ಹೆಜ್ಜೆಯನ್ನೂ ಬಿಂಬಿಸಬೇಕೆಂಬ ಸಂಕಲ್ಪ ಅದರ ಹಿಂದೆ ಇರಲಿಲ್ಲ. ಒಂದು ಎತ್ತರದಲ್ಲಿ ನಿಂತು ಬರೆದ ಮಾತನ್ನು ಇನ್ನೊಂದು ಎತ್ತರದಲ್ಲಿ ನಡೆಯುತ್ತಿರುವ ಕೆಲಸಕ್ಕೆ ಅಳತೆಗೋಲಾಗಿ ಹಿಡಿದಾಗ ಎರಡೂ ಸರಿಯಿದ್ದರೂ ತಾಳೆ ಬೀಳುವುದಿಲ್ಲ. ವರ್ಷಗಟ್ಟಲೆ ಬೇರೆ ಬೇರೆಯಾಗಿ ಬೆಳೆದ ಬರಹವನ್ನೂ ಆಚರಣೆಯನ್ನೂ ಒಂದು ದಿನ ಇದ್ದಕ್ಕಿದ್ದಂತೆ ಎದುರುಬದುರು ಕೂರಿಸಿದರೆ ಫಲಿಸುವುದು ಬರಿಯ ವಾಗ್ವಾದ.

ಹದಿನೇಳರ ಘನ

ಎರಡನೆಯ ಪ್ರಯೋಗದ ದಾರಿ ತದ್ವಿರುದ್ಧವಾದುದು: ನಿಯಮದಿಂದ ಹೊರಟು ನಡತೆಯನ್ನು ಪರೀಕ್ಷಿಸುವುದು. ಅದು ನಡೆದದ್ದು ಮೊಂಗೋ ಸಂಸ್ಥೆ 2019ರಲ್ಲಿ ಕೊಂಡ ರಿಯಲ್ಮ್ ಎಂಬ ಮೊಬೈಲ್ ಡೇಟಾಬೇಸಿನ ಮೇಲೆ. ಆ ವ್ಯವಸ್ಥೆಯಲ್ಲಿ ದೂರವಾಣಿ ಸಂಪರ್ಕವಿಲ್ಲದಾಗಲೂ ಪ್ರತಿಯೊಬ್ಬನೂ ತನ್ನ ಸಾಧನದಲ್ಲಿ ತಿದ್ದುಪಡಿ ಮಾಡಬಹುದಿತ್ತು. ಸಂಪರ್ಕ ಬಂದಾಗ ಎಲ್ಲರ ತಿದ್ದುಪಡಿಗಳೂ ಸೇರಿ ಎಲ್ಲ ಸಾಧನಗಳಲ್ಲಿಯೂ ಒಂದೇ ಫಲ ಬರಬೇಕಿತ್ತು.

ಇದರ ಕಷ್ಟವನ್ನು ಮನೆಯ ಒಂದು ಉದಾಹರಣೆಯಿಂದ ತಿಳಿಯಬಹುದು. ಮದುವೆಯ ಸಾಮಾನು ಪಟ್ಟಿಯ ಎರಡು ಪ್ರತಿಗಳು ಅಣ್ಣನ ಬಳಿ ಒಂದು, ತಂಗಿಯ ಬಳಿ ಒಂದು ಇವೆ. ಅಣ್ಣ ಮೊದಲನೆಯ ಸಾಲನ್ನು ಹೊಡೆದುಹಾಕಿದ. ಅದೇ ವೇಳೆಗೆ ತಂಗಿ ತನ್ನ ಪ್ರತಿಯ ಮೂರನೆಯ ಸಾಲಿನಲ್ಲಿ ಹತ್ತು ಸೇರು ಎಂಬುದನ್ನು ಇಪ್ಪತ್ತು ಸೇರು ಎಂದು ತಿದ್ದಿದಳು. ಮೂರನೆಯ ಸಾಲನ್ನು ತಿದ್ದು ಎಂಬ ಸೂಚನೆ ಅಣ್ಣನಿಗೆ ಹಾಗೆಯೇ ತಲುಪಿದರೆ ಅವನು ತಿದ್ದುವುದು ಬೇರೆ ಪದಾರ್ಥವನ್ನು, ಏಕೆಂದರೆ ಅವನ ಪಟ್ಟಿಯಲ್ಲಿ ಆ ಸಾಲು ಈಗ ಎರಡನೆಯದಾಗಿದೆ. ಆದುದರಿಂದ ಒಬ್ಬರ ಸೂಚನೆಯನ್ನು ಇನ್ನೊಬ್ಬರ ಸೂಚನೆಯ ಬೆಳಕಿನಲ್ಲಿ ಮಾರ್ಪಡಿಸಿಕೊಳ್ಳುವ ನಿಯಮಗಳು ಬೇಕು. ಆ ವ್ಯವಸ್ಥೆಯಲ್ಲಿ 19 ಬಗೆಯ ಕ್ರಿಯೆಗಳಿದ್ದುವು. ಯಾವುದೇ ಎರಡು ಎದುರಾಗಬಹುದಾದ್ದರಿಂದ ಒಟ್ಟು 190 ನಿಯಮಗಳು. ಪಟ್ಟಿಗೆ ಸಂಬಂಧಿಸಿದವು 6 ಕ್ರಿಯೆಗಳು, ಅವಕ್ಕೆ 21 ನಿಯಮಗಳು. ಇದಲ್ಲದೆ ಮೊಬೈಲಿನಲ್ಲಿ ಸಿ ಪ್ಲಸ್ ಪ್ಲಸ್ ಭಾಷೆಯ ಪ್ರೋಗ್ರಾಂ, ಕೇಂದ್ರದ ಯಂತ್ರಕ್ಕೆ ಗೋ ಭಾಷೆಯಲ್ಲಿ ಹೊಸದಾಗಿ ಬರೆಯುತ್ತಿದ್ದ ಪ್ರೋಗ್ರಾಂ. ಎರಡರ ಉತ್ತರದಲ್ಲೂ ಕೂದಲೆಳೆಯಷ್ಟು ಭೇದ ಬರಬಾರದು.

ಎಂಜಿನಿಯರುಗಳು ಈ 21 ನಿಯಮಗಳನ್ನು ಸಿ ಪ್ಲಸ್ ಪ್ಲಸ್ ಪ್ರೋಗ್ರಾಮಿನಿಂದ ಸಾಲು ಸಾಲಾಗಿ ನೋಡಿ ವಿಧಿಭಾಷೆಗೆ ಇಳಿಸಿದರು. ಇಳಿಸಿ ಪರೀಕ್ಷಿಸುತ್ತಿದ್ದಂತೆಯೇ ಒಂದು ವಿಚಿತ್ರ ಕಂಡಿತು. ಒಬ್ಬನು ಎರಡು ಸಾಲುಗಳನ್ನು ಅದಲುಬದಲು ಮಾಡಿ, ಇನ್ನೊಬ್ಬನು ಒಂದು ಸಾಲನ್ನು ಬೇರೆಡೆಗೆ ಸರಿಸಿದಾಗ, ಹೊಂದಿಸುವ ಲೆಕ್ಕ ತನ್ನನ್ನೇ ತಾನು ಮತ್ತೆ ಮತ್ತೆ ಕರೆದುಕೊಳ್ಳುತ್ತಾ ಎಂದೂ ಮುಗಿಯದೆ ಹೋಗುತ್ತಿತ್ತು. ಮೊದಲಿಗೆ ವಿಧಿಪತ್ರದಲ್ಲೇ ತಪ್ಪಿರಬಹುದೆಂದು ತೋರುವುದು ಸಹಜ. ಆದರೆ ಅನುಷ್ಠಾನದಲ್ಲಿಯೂ ಅದೇ ದೋಷ ಅಡಗಿತ್ತು; ಹಿಂದಿನ ಯಾವ ಪರೀಕ್ಷೆಯೂ ಅದನ್ನು ಮುಟ್ಟಿರಲಿಲ್ಲ. ಅದಲುಬದಲು ಎಂಬ ಕ್ರಿಯೆಯನ್ನೇ ವ್ಯವಸ್ಥೆಯಿಂದ ಕೈಬಿಡಲಾಯಿತು.

ಉಳಿದವುಗಳ ಲೆಕ್ಕ ಹೀಗಿದೆ. ಮೂರು ಸಾಲುಗಳ ಒಂದು ಪಟ್ಟಿಯಲ್ಲಿ ತಿದ್ದಬಹುದಾದ ಸ್ಥಾನಗಳು 3, ಹೊಸ ಸಾಲು ಸೇರಿಸಬಹುದಾದ ಎಡೆಗಳು 4, ಒಂದು ಸಾಲನ್ನು ಸರಿಸುವ ಬಗೆಗಳು 6, ಅಳಿಸಬಹುದಾದವು 3, ಇಡೀ ಪಟ್ಟಿಯನ್ನು ತೆರವು ಮಾಡುವುದು 1. ಒಟ್ಟು 17. ಮೂವರು ಒಬ್ಬೊಬ್ಬರು ಒಂದೊಂದು ಕ್ರಿಯೆಯನ್ನು ಏಕಕಾಲದಲ್ಲಿ ಮಾಡಿದರೆ ಒದಗುವ ಸಂದರ್ಭಗಳು 17ರ ಘನ, ಅಂದರೆ 4,913. ಪ್ರತಿಯೊಂದು ಸಂದರ್ಭದಲ್ಲಿಯೂ ವಿಧಿಪತ್ರದ ಪ್ರಕಾರ ಬರಬೇಕಾದ ಉತ್ತರವನ್ನು ಪರೀಕ್ಷಕ ಪ್ರೋಗ್ರಾಂ ತಾನೇ ಲೆಕ್ಕ ಹಾಕಿಕೊಟ್ಟಿತು; ಆ 4,913 ಪ್ರಶ್ನೋತ್ತರಗಳನ್ನು ಅನುಷ್ಠಾನದ ಮುಂದೆ ಇಡಲಾಯಿತು. ಈ ಭಾಗದ ಪ್ರೋಗ್ರಾಮಿನಲ್ಲಿ 86 ಕವಲುದಾರಿಗಳಿದ್ದುವು. ಎಂಜಿನಿಯರುಗಳು ಹಿಂದೆ ಕೈಯಿಂದ ಬರೆದಿದ್ದ 36 ಪರೀಕ್ಷೆಗಳು ಮುಟ್ಟಿದ್ದು 18 ಕವಲುಗಳನ್ನು. ಯಾದೃಚ್ಛಿಕವಾಗಿ ಪ್ರಶ್ನೆಗಳನ್ನು ಎಸೆಯುವ ಯಂತ್ರಪರೀಕ್ಷೆ ಮುಟ್ಟಿದ್ದು 79 ಕವಲುಗಳನ್ನು. ವಿಧಿಪತ್ರದಿಂದ ಹುಟ್ಟಿದ ಪರೀಕ್ಷೆಗಳು 86ನ್ನೂ ಮುಟ್ಟಿದವು.

ಇಲ್ಲಿ ಗೆಲುವು ದೊರೆತದ್ದಕ್ಕೆ ಕಾರಣಗಳು ಸ್ಪಷ್ಟ. ವಿಧಿಪತ್ರವನ್ನು ಅನುಷ್ಠಾನದ ಎತ್ತರದಲ್ಲೇ ನಿಂತು, ತಾಳೆ ನೋಡಬೇಕೆಂಬ ಉದ್ದೇಶದಿಂದಲೇ ಬರೆಯಲಾಗಿತ್ತು. ವಿಷಯ ಸಣ್ಣದು, ಅದೇ ಪ್ರಶ್ನೆಗೆ ಸದಾ ಅದೇ ಉತ್ತರ ಬರುವಂತಹುದು, ಏಕಕಾಲದ ಗೊಂದಲವಿಲ್ಲದ್ದು. ಆ ಮೊಬೈಲ್ ಸೇವೆಯನ್ನು ನಿಲ್ಲಿಸುವುದಾಗಿ ಸಂಸ್ಥೆ 2024ರಲ್ಲಿ ಪ್ರಕಟಿಸಿತು. ಆದರೆ ಅದರ ಮೇಲೆ ಕಲಿತ ಪಾಠಕ್ಕೆ ಅವಧಿ ಮುಗಿಯಲಿಲ್ಲ.

ತಪ್ಪು ಯಾರದು?

ಬರಹವೂ ನಡತೆಯೂ ಹೊಂದದಿದ್ದಾಗ ನಡತೆಯನ್ನೇ ಅಪರಾಧಿಯೆಂದು ತಿಳಿಯುವುದು ಸಾಮಾನ್ಯ. ಮೇಲಿನ ಎರಡು ಪ್ರಯೋಗಗಳೂ ಆ ಆತುರವನ್ನು ತಡೆಯುತ್ತವೆ. ಇಬ್ಬರು ಮುಖ್ಯರ ಪ್ರಸಂಗದಲ್ಲಿ ಅನುಷ್ಠಾನ ನಿರ್ದೋಷಿ, ಬರಹ ಅಪೂರ್ಣ. ಅದಲುಬದಲಿನ ಪ್ರಸಂಗದಲ್ಲಿ ದೋಷ ಮೂಲ ಅನುಷ್ಠಾನದ್ದೇ; ಬರಹ ಅದರ ನಿಷ್ಠಾವಂತ ನಕಲಾಗಿ ಅದೇ ದೋಷವನ್ನು ಹೊತ್ತು ತಂದಿತ್ತು. ಬರಹವನ್ನು ಯಂತ್ರ ಪರೀಕ್ಷಿಸಬಲ್ಲದಾಗಿದ್ದರಿಂದ ಮಾತ್ರ ಅದು ಬೆಳಕಿಗೆ ಬಂತು.

ಮೂರನೆಯದೊಂದು ಬಗೆಯೂ ಉಂಟು. ರಾಫ್ಟ್ ಕ್ರಮದಲ್ಲಿ ಯಂತ್ರಗಳನ್ನು ಸೇರಿಸುವುದಕ್ಕೂ ತೆಗೆಯುವುದಕ್ಕೂ ಒಂದು ಸುಲಭ ವಿಧಾನವನ್ನು ಒಂಗಾರೋ ತಮ್ಮ ಡಾಕ್ಟರೇಟ್ ಪ್ರಬಂಧದಲ್ಲಿ ವಿವರಿಸಿದ್ದರು. ಆ ವಿಧಾನದಲ್ಲಿಯೇ ಒಂದು ದೋಷವಿತ್ತು. ವಿಶಿಷ್ಟ ಸಂದರ್ಭವೊಂದರಲ್ಲಿ ಪಕ್ಕಾ ಆದ ಸಾಲು ಕಳೆದುಹೋಗುವ ಸಾಧ್ಯತೆಯಿತ್ತು. ಪ್ರಬಂಧಕ್ಕೆ ಸೇರಿದ್ದ ಟಿಎಲ್‌ಎ ಪ್ಲಸ್ ವಿಧಿಪತ್ರದಲ್ಲಿ ಆ ಭಾಗ ಇರಲಿಲ್ಲವಾದ್ದರಿಂದ ಪರಿಶೀಲನೆಗೆ ಅದು ಒಳಪಟ್ಟಿರಲಿಲ್ಲ. 2015ರಲ್ಲಿ ಒಂಗಾರೋ ತಾವೇ ಅದನ್ನು ಬಹಿರಂಗಪಡಿಸಿ, ಪರಿಹಾರವನ್ನೂ ತಿಳಿಸಿದರು: ಹೊಸ ಮುಖ್ಯನು ತನ್ನ ಅವಧಿಯ ಒಂದು ಸಾಲನ್ನಾದರೂ ಪಕ್ಕಾ ಮಾಡಿದ ಬಳಿಕವೇ ಸದಸ್ಯರ ಬದಲಾವಣೆಗೆ ಕೈಹಾಕಬೇಕು. ಆ ವಿಧಾನವನ್ನು ಮೂಲದಲ್ಲಿ ಇದ್ದಂತೆಯೇ ಅಕ್ಷರಶಃ ಅನುಸರಿಸಿದ ಪ್ರೋಗ್ರಾಂ, ನಿಯಮಕ್ಕೆ ಪೂರ್ಣ ನಿಷ್ಠವಾಗಿದ್ದುಕೊಂಡೇ ತಪ್ಪು ಮಾಡುತ್ತಿತ್ತು.

ಇದರಿಂದ ತಿಳಿಯುವುದೇನು? ನಿಯಮವೂ ನಡತೆಯೂ ಒಂದಕ್ಕೊಂದು ಸಾಕ್ಷಿಗಳು. ಎರಡರಲ್ಲಿ ಯಾವುದೂ ನ್ಯಾಯಾಧೀಶನಲ್ಲ. ಸಾಕ್ಷಿಗಳ ಹೇಳಿಕೆ ಭಿನ್ನವಾದಾಗ ವಿಚಾರಣೆ ಆರಂಭವಾಗಬೇಕು, ತೀರ್ಪು ಆಮೇಲಿನದು. ಕೀರ್ದಿಗೂ ಖಾತೆಗೂ ತಾಳೆ ಬೀಳದಿದ್ದಾಗ ಪ್ರಾಮಾಣಿಕನಾದ ಗುಮಾಸ್ತ ಯಾವುದೋ ಒಂದನ್ನು ಅಳಿಸಿ ಇನ್ನೊಂದಕ್ಕೆ ಸರಿಮಾಡುವುದಿಲ್ಲ. ರಸೀದಿಗಳನ್ನು ತೆಗೆದು ಮೂಲ ವ್ಯವಹಾರವನ್ನೇ ಹುಡುಕುತ್ತಾನೆ. ಮೊತ್ತ ಸರಿಹೋಗಲೆಂದು ಅಂಕಿಯನ್ನು ತಿದ್ದುವವನು ಲೆಕ್ಕವನ್ನು ಸರಿಮಾಡಿದವನಲ್ಲ, ಲೆಕ್ಕವನ್ನು ಕೊಂದವನು.

ಹೊರಗಿನವರ ಪರೀಕ್ಷೆಗೂ ಇಲ್ಲಿ ಸ್ಥಾನವಿದೆ. ಕೈಲ್ ಕಿಂಗ್ಸ್‌ಬರಿ ಎಂಬ ತಜ್ಞರು ಜೆಪ್ಸೆನ್ ಎಂಬ ತಮ್ಮ ಪರೀಕ್ಷಾಕ್ರಮದಿಂದ ಅನೇಕ ಡೇಟಾಬೇಸುಗಳ ಸಂಪರ್ಕವನ್ನು ಬೇಕೆಂದೇ ಕಡಿದು, ಅವು ಕೊಟ್ಟ ಮಾತನ್ನು ಉಳಿಸಿಕೊಳ್ಳುತ್ತವೆಯೇ ಎಂದು 2013ರಿಂದ ನೋಡುತ್ತಾ ಬಂದರು. 2017ರಲ್ಲಿ ಅವರು ಮೊಂಗೋ ಡಿಬಿಯ ಪ್ರತಿ ಇಡುವ ಕ್ರಮದಲ್ಲಿ ದೋಷಗಳನ್ನು ತೋರಿಸಿದಾಗ ಸಂಸ್ಥೆ ಅವುಗಳನ್ನು ತಿದ್ದಿಕೊಂಡದ್ದಲ್ಲದೆ ಆ ಪರೀಕ್ಷೆಯನ್ನೇ ತನ್ನ ನಿತ್ಯದ ಪರೀಕ್ಷೆಗಳಲ್ಲಿ ಸೇರಿಸಿಕೊಂಡಿತು. ಲೆಕ್ಕಪರಿಶೋಧಕ ತೋರಿಸಿದ ತಪ್ಪನ್ನು ತಿದ್ದುವುದು ಕರ್ತವ್ಯ. ಅವನ ಕಣ್ಣನ್ನೇ ಮನೆಯೊಳಗೆ ಇಟ್ಟುಕೊಳ್ಳುವುದು ಅದಕ್ಕಿಂತ ಮೇಲಿನದು.

ನಿತ್ಯದ ತಾಳೆ

ಸೋತ ಮಾರ್ಗ ಸೋತೇ ಉಳಿಯಲಿಲ್ಲವೆಂಬುದು ಸಂತೋಷದ ಸಂಗತಿ. ನಡತೆಯ ಸರಣಿಯನ್ನು ವಿಧಿಪತ್ರಕ್ಕೆ ಹೋಲಿಸುವ ಕೆಲಸವನ್ನು ಮುಂದೆ ಬೇರೆಯವರು ಕೈಗೆತ್ತಿಕೊಂಡರು. ಎಲ್ಲ ಮಾಹಿತಿಯ ಪೂರ್ಣ ಚಿತ್ರವನ್ನು ಪ್ರತಿ ಕ್ಷಣವೂ ಹಿಡಿಯಬೇಕೆಂಬ ಹಟವನ್ನು ಬಿಟ್ಟು, ಸಿಕ್ಕಷ್ಟನ್ನು ಬರೆದು, ಉಳಿದುದನ್ನು ಪರೀಕ್ಷಕ ಪ್ರೋಗ್ರಾಂ ತಾನೇ ಊಹಿಸಿ ತುಂಬಿಕೊಳ್ಳಲಿ ಎಂಬ ಉಪಾಯವನ್ನು 2024ರಲ್ಲಿ ಸಂಶೋಧಕರು ನಿರೂಪಿಸಿದರು. ಮೈಕ್ರೋಸಾಫ್ಟ್ ಸಂಸ್ಥೆಯ ಸಿಸಿಎಫ್ ಎಂಬ ವ್ಯವಸ್ಥೆಯಲ್ಲಿ ಈ ಬಗೆಯ ತಾಳೆಯನ್ನು ದೈನಂದಿನ ಅಭಿವೃದ್ಧಿಯ ಅಂಗವಾಗಿಯೇ ಮಾಡಿಕೊಂಡ ವರದಿ 2025ರಲ್ಲಿ ಪ್ರಕಟವಾಯಿತು. ವಿನ್ಯಾಸದಲ್ಲಿಯೂ ಅನುಷ್ಠಾನದಲ್ಲಿಯೂ ಅಡಗಿದ್ದ ಆರು ಸೂಕ್ಷ್ಮ ದೋಷಗಳು ಬಳಕೆದಾರರಿಗೆ ತೊಂದರೆಯಾಗುವ ಮುನ್ನವೇ ಸಿಕ್ಕಿದವು. ಅದೇ ವರ್ಷ ಮೊಂಗೋದ ಸಂಶೋಧಕರು ತಮ್ಮ ದತ್ತಾಂಶ ಉಗ್ರಾಣದ ಪದರಕ್ಕೆ ಪ್ರತ್ಯೇಕವಾದ ಸಣ್ಣ ವಿಧಿಪತ್ರವನ್ನು ಬರೆದು, ಅದರಿಂದ 87,000ಕ್ಕೂ ಹೆಚ್ಚು ಪರೀಕ್ಷೆಗಳನ್ನು ಯಂತ್ರದಿಂದಲೇ ಹುಟ್ಟಿಸಿ ಅನುಷ್ಠಾನವನ್ನು ನೋಡಿದರು. ಎರಡು ಪ್ರಯೋಗಗಳ ಅನುಭವವನ್ನು ಮುಚ್ಚುಮರೆಯಿಲ್ಲದೆ ಬರೆದಿಟ್ಟಿದ್ದರಿಂದ ಹಿಂದೆ ಬಂದವರಿಗೆ ಎಲ್ಲಿ ಕಲ್ಲಿದೆ, ಎಲ್ಲಿ ಹಳ್ಳವಿದೆಯೆಂಬುದು ಮೊದಲೇ ಗೊತ್ತಿತ್ತು.

ಇಷ್ಟೆಲ್ಲವನ್ನೂ ಗಮನಿಸಿದಾಗ ಕೆಲವು ಮಾತುಗಳು ಮನಸ್ಸಿನಲ್ಲಿ ನಿಲ್ಲುತ್ತವೆ. ಎಲ್ಲವನ್ನೂ ಒಳಗೊಳ್ಳುವ ಮಹಾವಿಧಿಗಿಂತ ಪರೀಕ್ಷೆಗೆ ಒಡ್ಡಬಹುದಾದ ಸಣ್ಣ ವಿಧಿ ಲೇಸು. ಬರೆದವರೂ ನಡೆಸುವವರೂ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಉದ್ದೇಶದಿಂದ ದುಡಿದರೆ ಅಂತರ ತಪ್ಪದು. ಎರಡೂ ಜೊತೆಜೊತೆಯಾಗಿ ಬೆಳೆಯಬೇಕು. ನಡತೆ ಬದಲಾದ ದಿನವೇ ಬರಹವೂ ಬದಲಾಗಬೇಕು, ಅಥವಾ ಏಕೆ ಬದಲಾಗಿಲ್ಲವೆಂಬುದನ್ನು ಯಾರಾದರೂ ಹೇಳಬಲ್ಲವರಾಗಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ತಾಳೆ ನೋಡುವುದು ವಿಶೇಷ ಸಂದರ್ಭದ ಉತ್ಸವವಾಗದೆ ನಿತ್ಯದ ಕರ್ಮವಾಗಬೇಕು. ವರ್ಷಕ್ಕೊಮ್ಮೆ ದೀಪಾವಳಿಯ ಲೆಕ್ಕದಲ್ಲಿ ಸಿಕ್ಕುವ ವ್ಯತ್ಯಾಸಕ್ಕೆ ಕಾರಣ ಹುಡುಕುವುದು ದುಸ್ತರ. ಅಂದಂದಿನ ಸಂಜೆಯೇ ಗಲ್ಲಾಪೆಟ್ಟಿಗೆಯ ಹಣವನ್ನು ಕೀರ್ದಿಗೆ ತಾಳೆ ನೋಡುವವನಿಗೆ ಹುಡುಕಬೇಕಾದದ್ದು ಒಂದು ದಿನದ ವ್ಯವಹಾರವಷ್ಟೇ.

ಯಂತ್ರಕ್ಕೆ ಪಾಪಪುಣ್ಯಗಳಿಲ್ಲ, ಅದು ಹೇಳಿದಂತೆ ಮಾಡುತ್ತದೆ. ಹೇಳಿದ್ದು ಏನು, ಹೇಳಿದೆವೆಂದು ಭಾವಿಸಿದ್ದು ಏನು ಎಂಬ ಹೊಣೆ ಮಾತ್ರ ಮನುಷ್ಯನದು. ಎಲ್ಲೋ ಒಂದು ಊರಿನಲ್ಲಿ ಒಬ್ಬ ಗಿರಾಕಿ ಹಣ ಕಟ್ಟಿ, ಸಂದಾಯವಾಯಿತೆಂಬ ಒಂದು ಸಾಲಿನ ಒಪ್ಪಿಗೆಯನ್ನು ನಂಬಿ ಮನೆಗೆ ಹೋಗುತ್ತಾನೆ. ಪ್ಯಾಕ್ಸೋಸ್, ರಾಫ್ಟ್, ವಿಧಿಪತ್ರ, ಅನುಷ್ಠಾನ ಯಾವುದರ ಹೆಸರೂ ಅವನಿಗೆ ತಿಳಿದಿಲ್ಲ. ತಿಳಿಯಬೇಕಾದ ಅಗತ್ಯವೂ ಇಲ್ಲ. ಅವನ ಆ ನಂಬಿಕೆ ಹುಸಿಯಾಗಬಾರದೆಂದು ಹತ್ತು ವಾರ ದುಡಿದು, ಸೋತು, ಸೋತೆವೆಂದು ಬರೆದಿಟ್ಟವರ ನಡೆ, ಕಪಾಟಿನಲ್ಲಿ ನಿಯಮಾವಳಿಯೊಂದನ್ನು ಭದ್ರವಾಗಿ ಇಟ್ಟಿರುವ ಪ್ರತಿಯೊಂದು ಮನೆಗೂ, ಪ್ರತಿಯೊಂದು ಮಂಡಳಿಗೂ ವಿಚಾರಾರ್ಹವಾದುದು.